ಜೋಕಾಲಿ ಏರುವ ಮುಂಚೆ ಹಗ್ಗ ಜಗ್ಗಿ ನೋಡಿ

ನಮ್ಮ ಕಡೆ ಪಂಚಮಿ ಹಬ್ಬ ಬಂತೆಂದರೆ ಜೋಕಾಲಿ ಬಂತೆಂದೇ ಅರ್ಥ. ತವರಿಗೆ ಬಂದ ಹೆಣ್ಣುಮಕ್ಕಳು ಅಳ್ಳು, ಉಂಡಿ ಕಟ್ಟಿಕೊಂಡು ಬೇವಿನ ಮರದ ಕೆಳಗೆ ಸೇರುತ್ತಿದ್ದರು. ಮಕ್ಕಳು ‘ನಾ ಮೊದಲು, ನೀ ಮೊದಲು’ ಎಂದು ಜಗಳ ತೆಗೆಯುತ್ತಿದ್ದರು. ಆದರೆ ನಮ್ಮ ತಾಯಿಯ ಊರಲ್ಲಿ ಮುತ್ಯಾ ಬಂದು ನೋಡುವವರೆಗೂ ಯಾರೂ ಹಲಗೆಯ ಮೇಲೆ ಕಾಲಿಡುವ ಹಾಗಿರಲಿಲ್ಲ. ಮುತ್ಯಾ ಮಿಣಿಯನ್ನು ಮೊಳ ಮೊಳವಾಗಿ ಕೈಯಲ್ಲಿ ಸರಿಸುತ್ತ ಎಳೆ ಹರಿದಿದೆಯೇ ಎಂದು ನೋಡುವರು. ಇಬ್ಬರು ಆಳುಗಳಿಂದ ಜಗ್ಗಿಸುವರು. ಕೊಂಬೆ ಹಸಿಯದೋ ಒಣಗಿದ್ದೋ ಎಂದು ಕತ್ತೆತ್ತಿ ಪರೀಕ್ಷಿಸುವರು. ಕಡೆಗೆ ತಾವೇ ಕೂತು ಒಂದು ಸಲ ತೂಗಿ, “ನನ್ನ ಭಾರ ತಡೀತು, ಇನ್ನ ಮಕ್ಕಳು ಆಡ್ಲಿ” ಎನ್ನುವರು.

ಈಗ ನಮ್ಮ ಮಕ್ಕಳು, ಮೊಮ್ಮಕ್ಕಳು ಆಡುವುದು ಕಬ್ಬಿಣದ ಜೋಕಾಲಿಯಲ್ಲಿ. ಅದು ಪುರಸಭೆಯ ಉದ್ಯಾನದಲ್ಲಿ ಇರುತ್ತದೆ, ಶಾಲೆಯ ಅಂಗಳದಲ್ಲಿ ಇರುತ್ತದೆ, ಹೊಸ ಬಡಾವಣೆಯ ಮೂಲೆಯ ಖುಲ್ಲಾ ಜಾಗದಲ್ಲಿ ಇರುತ್ತದೆ. ವರ್ಷಕ್ಕೊಂದು ದಿನವಲ್ಲ, ದಿನವೂ ಆಡುತ್ತಾರೆ. ಆದರೆ ಸೋದರಿಯರೇ, ಒಂದು ಮಾತು ಕೇಳುತ್ತೇನೆ. ಈ ಜೋಕಾಲಿಯ ಕೊಂಡಿಯನ್ನು ಕಡೆಯ ಸಲ ಜಗ್ಗಿ ನೋಡಿದವರು ಯಾರು?

ನಾನೂ ನೋಡಿದ್ದೆ

ಈ ಲೇಖನ ಬರೆಯಲು ಕಾರಣವಾದ ಸಂಗತಿ ಹೇಳಿಬಿಡುತ್ತೇನೆ. ನಮ್ಮ ಮನೆಯ ಹತ್ತಿರ ಒಂದು ಸಣ್ಣ ಉದ್ಯಾನ ಇದೆ. ಅಲ್ಲಿಯ ಜಾರಬಂಡಿಯ ತಗಡು ಕೆಳಗಿನ ತುದಿಯಲ್ಲಿ ಸೀಳಿ ಮೇಲೆದ್ದಿತ್ತು. ಸಂಜೆ ಮೊಮ್ಮಗಳನ್ನು ಕರೆದುಕೊಂಡು ಹೋದಾಗ ನಾನು ಅದನ್ನು ನೋಡಿದ್ದೆ. ಒಂದು ಸಲವಲ್ಲ, ಮೂರು ತಿಂಗಳು ನೋಡಿದ್ದೆ. ಮಾಡಿದ್ದೇನು? “ಆ ಕಡೆ ಹೋಗಬ್ಯಾಡ ಬಾ ಪುಟ್ಟಿ” ಎಂದು ನನ್ನ ಮೊಮ್ಮಗಳನ್ನು ಈಚೆ ಎಳೆದುಕೊಂಡು ಸುಮ್ಮನಾಗಿದ್ದೆ.

ಒಂದು ಭಾನುವಾರ ಎದುರು ಮನೆಯ ಆರು ವರ್ಷದ ಹುಡುಗ ಜಾರಿ ಬಂದ. ತಗಡು ಅವನ ಅಂಗೈಯನ್ನು ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಸೀಳಿತು. ಅವನ ಅವ್ವ ಸೆರಗು ಸುತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಒಂಬತ್ತು ಹೊಲಿಗೆ ಬಿದ್ದವು. ಬಲಗೈ ಬೇರೆ, ಎಷ್ಟೋ ದಿನ ಪೆನ್ಸಿಲ್ ಹಿಡಿಯಲಾಗಲಿಲ್ಲ. ನೋಡಲು ಹೋದಾಗ ಆಕೆ ನನ್ನನ್ನೇನೂ ಅನ್ನಲಿಲ್ಲ. “ಅಲ್ಲಿ ತಗಡು ಎದ್ದಿತ್ತಂತ ನನಗ ಗೊತ್ತೇ ಇರಲಿಲ್ಲ ನೋಡ್ರಿ ಅಕ್ಕಾರ” ಎಂದಳು, ಅಷ್ಟೇ. ನನಗೆ ಗೊತ್ತಿತ್ತು. ಆ ಮಾತು ಇಂದಿಗೂ ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿದೆ.

ಆ ಮೇಲೆ ನಾವು ಓಣಿಯ ಏಳು ಮಂದಿ ಹೆಂಗಸರು ಸೇರಿ ಏನು ಮಾಡಿದೆವು, ಅದರಿಂದ ಏನು ಕಲಿತೆವು ಎಂಬುದನ್ನೇ ಇಲ್ಲಿ ಬರೆದಿದ್ದೇನೆ. ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲ್ಲೂಕು ಊರುಗಳಲ್ಲಿ ಇರುವ ಯಾವ ತಾಯಿಯೂ ಇದನ್ನು ಮಾಡಬಲ್ಲಳು. ಬೇಕಾದದ್ದು ಒಂದು ಸಂಜೆಯ ಅರ್ಧ ಗಂಟೆ, ಒಂದು ಹಾಳೆ ಕಾಗದ, ಸ್ವಲ್ಪ ಹಟ.

“ಮಕ್ಕಳು ಬಿದ್ದೇ ಬೆಳೀಬೇಕು” ಅನ್ನುವವರಿಗೆ

ಮನೆಯ ಹಿರಿಯರು ಹೀಗೆ ಹೇಳುವುದುಂಟು. ಮಾತು ಸುಳ್ಳಲ್ಲ. ಏರುವುದು, ಜಾರುವುದು, ಮೊಣಕಾಲು ತರಚಿಕೊಳ್ಳುವುದು ಇಲ್ಲದೆ ಮಗುವಿಗೆ ಧೈರ್ಯ ಬರುವುದಿಲ್ಲ. ಆದರೆ ಎತ್ತರ ನೋಡಿ ‘ಏರಲೇ ಬೇಡವೇ’ ಎಂದು ಮಗುವೇ ಲೆಕ್ಕ ಹಾಕುವ ಅಪಾಯ ಬೇರೆ. ಮಗುವಿನ ಕಣ್ಣಿಗೇ ಕಾಣದೆ ಅಡಗಿ ಕೂತ ಅಪಾಯ ಬೇರೆ. ಸವೆದ ಕೊಂಡಿ, ಬುಡ ಕೊಳೆತ ಕಂಬ, ಕಳಚಲಿರುವ ಗೇಟು ಇವು ಎರಡನೆಯ ಜಾತಿಯವು. ಇವನ್ನು ದೊಡ್ಡವರೇ ನೋಡಬೇಕು.

ಬೆಂಗಳೂರಿನ ಮಲ್ಲೇಶ್ವರದಲ್ಲಿ 2024ರ ಸೆಪ್ಟೆಂಬರಿನಲ್ಲಿ ನಡೆದದ್ದು ಹಲವರಿಗೆ ನೆನಪಿರಬಹುದು. ಮಹಾನಗರ ಪಾಲಿಕೆಯ ಆಟದ ಮೈದಾನಕ್ಕೆ ಆಡಲು ಹೋದ ಶಾಲೆಯ ಹುಡುಗನ ಮೇಲೆ ಕಬ್ಬಿಣದ ಗೇಟು ಕಳಚಿ ಬಿತ್ತು; ಹುಡುಗ ಉಳಿಯಲಿಲ್ಲ. ಜೋಕಾಲಿಯಲ್ಲ, ಜಾರಬಂಡಿಯಲ್ಲ, ಬರಿಯ ಗೇಟು! ನಮ್ಮ ನೆರೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಅದೇ ವರ್ಷದ ಏಪ್ರಿಲಿನಲ್ಲಿ ಎರಡು ವರ್ಷ ತುಂಬದ ಕೂಸು ಹೊಲದ ಕೊಳವೆ ಬಾವಿಗೆ ಬಿದ್ದಿತ್ತು. ಸುಮಾರು 20 ತಾಸು ಹೋರಾಡಿ ಜೀವಂತ ಹೊರತೆಗೆದಾಗ ನಾಡೇ ನಿಟ್ಟುಸಿರು ಬಿಟ್ಟಿತು. ತೆರೆದ ಕೊಳವೆ ಬಾವಿ ಮುಚ್ಚಲೇಬೇಕೆಂದು ಸುಪ್ರೀಂ ಕೋರ್ಟು 2010ರಲ್ಲೇ ಸೂಚನೆ ಕೊಟ್ಟಿದೆ. ಸೂಚನೆ ದಿಲ್ಲಿಯಲ್ಲಿದೆ, ಬಾವಿ ನಮ್ಮ ಓಣಿಯಲ್ಲಿದೆ. ನಡುವೆ ನೋಡುವ ಕಣ್ಣು ಬೇಕಲ್ಲ?

ಹೊರದೇಶಗಳಲ್ಲಿ ಈ ವಿಷಯಕ್ಕೆ ಬಹಳ ಲಕ್ಷ್ಯ ಕೊಡುತ್ತಾರೆ. ಅಮೆರಿಕದಲ್ಲಿ ಪ್ರತಿ ವರ್ಷ ಆಟದ ಅಂಗಳದಲ್ಲಿ ಏಟಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬರುವ ಮಕ್ಕಳ ಸಂಖ್ಯೆ 2 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಬಿದ್ದು ಪೆಟ್ಟು ಮಾಡಿಕೊಂಡವರೇ. ಅದಕ್ಕಾಗಿ ಅಲ್ಲಿಯ ಸರಕಾರದ ಗ್ರಾಹಕ ಸುರಕ್ಷತಾ ಆಯೋಗ 1981ರಲ್ಲೇ ಒಂದು ಕೈಪಿಡಿ ತಂದಿತು, ಆಗಾಗ ತಿದ್ದುತ್ತ ಬಂದಿದೆ. ಅದರಲ್ಲಿಯ ಕೆಲವು ಅಳತೆಗಳು ನಮ್ಮ ಊರಿಗೂ ಹೊಂದುತ್ತವೆ. ಮಕ್ಕಳ ತಲೆ, ಕೈ, ಕಾಲು ಎಲ್ಲಾ ಕಡೆ ಒಂದೇ ತಾನೇ?

ನಮ್ಮ ನೆಲ, ನಮ್ಮ ಬಿಸಿಲು

ಕಲಬುರಗಿ ಸೀಮೆಗೆ ಮಾತ್ರ ತಗುಲಿದ ಮೂರು ಸಂಗತಿಗಳನ್ನು ಯಾವ ಹೊರದೇಶದ ಪುಸ್ತಕವೂ ನಮಗೆ ಹೇಳಿಕೊಡಲಾರದು.

ಮೊದಲನೆಯದು ನಮ್ಮ ಎರೆಮಣ್ಣು. ತೊಗರಿಗೆ ಚಿನ್ನದಂಥ ಭೂಮಿ ನಿಜ. ಆದರೆ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಗೇಣುಗಟ್ಟಲೆ ಬಿರಿಯುತ್ತದೆ. ಎರೆಯ ಮೇಲೆ ಕಟ್ಟಿದ ಮನೆಯ ಗೋಡೆ ಸೀಳುವುದನ್ನು ನಾವೆಲ್ಲ ಕಂಡಿದ್ದೇವೆ. ಜೋಕಾಲಿಯ ಕಂಬವೂ ಹಾಗೆಯೇ. ಆಳವಿಲ್ಲದ ಗುಂಡಿಯಲ್ಲಿ ಕಾಂಕ್ರೀಟು ಹಾಕಿ ನೆಟ್ಟ ಕಂಬ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ವಾಲಬಹುದು. ಕಾಂಕ್ರೀಟಿನ ಗಡ್ಡೆ ಮೇಲೆದ್ದು ಮಕ್ಕಳ ಕಾಲಿಗೆ, ತಲೆಗೆ ಕಲ್ಲಾಗಬಹುದು. ಕಂಬದ ಬುಡ ಮಣ್ಣು ಸೇರುವ ಜಾಗದಲ್ಲಿ ನೀರು ನಿಂತು ಒಳಗೊಳಗೇ ತುಕ್ಕು ತಿನ್ನುತ್ತದೆ. ಮೇಲೆ ಹೊಸ ಬಣ್ಣ, ಕೆಳಗೆ ಬರಿ ಪುಡಿ!

ಎರಡನೆಯದು ಶಹಾಬಾದಿ ಕಲ್ಲು. ನಮ್ಮ ಜಿಲ್ಲೆಯ ಹೆಮ್ಮೆ ಅದು. ಅಡಿಗೆಮನೆಯ ಕಟ್ಟೆಗೆ, ಪಡಸಾಲೆಗೆ ಅದರಂಥ ತಂಪು ಬೇರೆಯಿಲ್ಲ. ಆದರೆ ಅಂದವಾಗಿ ಕಾಣಲಿ ಎಂದು ಜೋಕಾಲಿಯ ಕೆಳಗೂ ಜಾರಬಂಡಿಯ ತುದಿಗೂ ಅದನ್ನೇ ಹಾಸಿದರೆ ಬಿದ್ದ ಮಗುವಿನ ತಲೆಬುರುಡೆಯ ಗತಿ ಏನು? ಸಿಮೆಂಟು, ಟೈಲ್ಸು ಕೂಡ ಅಷ್ಟೇ. ಆಡುವ ಸಾಮಾನಿನ ಕೆಳಗೆ ಇರಬೇಕಾದದ್ದು ಮೆತ್ತಗಿನ ಮರಳು.

ಮೂರನೆಯದು ಬಿಸಿಲು. ಏಪ್ರಿಲ್-ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ನಮಗೆ ಹೊಸದಲ್ಲ. ತಗಡಿನ ಜಾರಬಂಡಿ ಆಗ ರೊಟ್ಟಿಯ ಹಂಚಿಗಿಂತ ಕಡಿಮೆ ಇರುವುದಿಲ್ಲ. ದೊಡ್ಡ ಮಕ್ಕಳು ಚುರ್ರೆಂದರೆ ಏಳುತ್ತಾರೆ. ಎರಡು-ಮೂರು ವರ್ಷದ ಕೂಸಿಗೆ ಏಳಬೇಕೆಂದೇ ತಿಳಿಯದೆ ಕೂತಲ್ಲೇ ಅಳುತ್ತದೆ. ಅಷ್ಟರಲ್ಲಿ ತೊಡೆ ಬೊಬ್ಬೆ ಎದ್ದಿರುತ್ತದೆ. ಪ್ಲಾಸ್ಟಿಕ್ ಜಾರಬಂಡಿಯೂ ಕಾಯುತ್ತದೆ. ಬಿಸಿಲಿಗೆ ಒಣಗಿ ಬಿರುಕೂ ಬಿಡುತ್ತದೆ.

ಒಂದು ಸಂಜೆ, ಅರ್ಧ ಗಂಟೆ

ಹೋಗುವಾಗ ಹೊಲಿಗೆ ಡಬ್ಬಿಯ ಅಳತೆ ಟೇಪು, ಒಂದು ನೋಟ್ ಪುಸ್ತಕ, ಪೆನ್ನು, ಫೋಟೋ ತೆಗೆಯಲು ಮೊಬೈಲು ಇಟ್ಟುಕೊಳ್ಳಿ. ರಟ್ಟಿನ ಎರಡು ತುಂಡು ಕತ್ತರಿಸಿಕೊಳ್ಳಿ. ಒಂದು, ಮೂರೂವರೆ ಇಂಚು ಅಗಲ, ಆರೂಕಾಲು ಇಂಚು ಉದ್ದದ ಪಟ್ಟಿ. ಇನ್ನೊಂದು, ಒಂಬತ್ತು ಇಂಚು ಅಡ್ಡಳತೆಯ ದುಂಡು ರಟ್ಟು; ಅಷ್ಟೇ ಅಗಲದ ಊಟದ ತಾಟು ಇಟ್ಟು ಗೀರಿದರೆ ಆಯಿತು. ಇದೇಕೆಂದು ಮುಂದೆ ಹೇಳುತ್ತೇನೆ. ಇನ್ನು ಒಂದೊಂದಾಗಿ ನೋಡುತ್ತ ಬನ್ನಿ.

1. ಗೇಟು, ಕಂಪೌಂಡು: ಗೇಟಿನ ಬಾಗಿಲುಬಿಜಾಗರಿ ಗಟ್ಟಿಯಿದೆಯೇ? ಸರಿಯುವ ಗೇಟಾದರೆ ಕಡೆಯಲ್ಲಿ ತಡೆ ಇದೆಯೇ? ಕೈಯಿಂದ ಅಲುಗಿಸಿ ನೋಡಿ, ಆದರೆ ಅದರ ಕೆಳಗೆ ನಿಲ್ಲಬೇಡಿ. ಗೋಡೆ ವಾಲಿದ್ದರೆ ಬರೆದುಕೊಳ್ಳಿ. ರಸ್ತೆಯ ಕಡೆ ಬೇಲಿ ಇಲ್ಲದಿದ್ದರೆ ಚೆಂಡಿನ ಹಿಂದೆ ಮಗು ಲಾರಿಯ ಮುಂದೆ ಓಡುತ್ತದೆ.

2. ಕರೆಂಟು: ದೀಪದ ಕಂಬದ ಬುಡದ ಪೆಟ್ಟಿಗೆ ತೆರೆದಿದೆಯೇ? ತಂತಿ ಇಳಿಬಿದ್ದಿದೆಯೇ? ಇದೊಂದನ್ನು ಮಾತ್ರ ಮುಟ್ಟಿ ನೋಡಬೇಡಿ! ಮಳೆಗಾಲದಲ್ಲಿ ಹತ್ತಿರವೂ ಹೋಗಬೇಡಿ. ದೂರದಿಂದಲೇ ಫೋಟೋ ತೆಗೆದು ಅದೇ ದಿನ ತಿಳಿಸಿ.

3. ಜೋಕಾಲಿ: ಕಂಬವನ್ನು ಎರಡೂ ಕೈಯಿಂದ ಅಲುಗಿಸಿ. ಬುಡದ ಮಣ್ಣು ಕೆದರಿ ತುಕ್ಕು ನೋಡಿ. ಸರಪಳಿ ಮೇಲಿನ ಕೊಳವೆಗೆ ಸೇರುವ ಕೊಂಡಿಯನ್ನು ಗಮನಿಸಿ. ಮೊದಲು ಸವೆಯುವುದು ಅದೇ. ತೆಳುವಾಗಿದ್ದರೆ, ಬಾಯಿ ತೆರೆದು ಒಂದು ನಾಣ್ಯ ತೂರುವಷ್ಟಾಗಿದ್ದರೆ ಬದಲಿಸಲೇಬೇಕು. ಕೂರುವ ಹಲಗೆ ಭಾರದ ಕಬ್ಬಿಣದ್ದೋ ಕಟ್ಟಿಗೆಯದೋ ಆಗಿದ್ದರೆ ಮುಂದೆ ಹಾಯುವ ಕೂಸಿನ ತಲೆಗೆ ಸುತ್ತಿಗೆ ಹೊಡೆದಂತೆ, ರಬ್ಬರಿನದು ಒಳ್ಳೆಯದು. ಜೋಕಾಲಿಯ ಮುಂದೆ ಮತ್ತು ಹಿಂದೆ, ಮೇಲಿನ ಕೊಳವೆಯ ಎತ್ತರದ ಎರಡರಷ್ಟು ಜಾಗ ಖಾಲಿ ಇರಬೇಕು. ಕೊಳವೆ ಏಳು ಅಡಿ ಎತ್ತರವಿದ್ದರೆ ಮುಂದೆ 14 ಅಡಿ, ಹಿಂದೆ 14 ಅಡಿ. ಅಷ್ಟರೊಳಗೆ ಬೆಂಚು, ಗೋಡೆ, ಗಿಡ ಏನೂ ಇರಬಾರದು.

4. ಜಾರಬಂಡಿ: ತಗಡಿನ ಅಂಚಿನ ಮೇಲೆ ಬಟ್ಟೆಯ ತುಂಡು ಎಳೆಯಿರಿ. ಬಟ್ಟೆ ಸಿಕ್ಕಿಕೊಂಡರೆ ಚರ್ಮವೂ ಸಿಕ್ಕೀತು. ಮೆಟ್ಟಿಲು ಎಲ್ಲವೂ ಇವೆಯೇ? ಮೇಲೆ ನಿಲ್ಲುವ ಅಟ್ಟಕ್ಕೆ ಎರಡೂ ಕಡೆ ಕಟಕಟೆ ಇದೆಯೇ? ಬಿಸಿಲ ಹೊತ್ತಿನಲ್ಲಿ ಅಂಗೈ ಹಿಂಭಾಗ ಇಟ್ಟು ಐದು ಎಣಿಸಿ. ನಿಮ್ಮ ಕೈ ತಾಳದಿದ್ದರೆ ಮಗು ಕೂರಬಾರದು.

5. ಸಂದುಗಳು: ಈಗ ರಟ್ಟಿನ ಕೆಲಸ. ಕಟಕಟೆಯ ಸರಳುಗಳ ನಡುವೆ, ಏಣಿಯ ಮೆಟ್ಟಿಲ ನಡುವೆ ಚಿಕ್ಕ ಪಟ್ಟಿ ತೂರಿಸಿ ನೋಡಿ. ಪಟ್ಟಿ ತೂರಿ, ದುಂಡು ರಟ್ಟು ತೂರದಿದ್ದರೆ ಅದು ಅಪಾಯದ ಸಂದು. ಸಣ್ಣ ಮಗು ಕಾಲು ಮುಂದಾಗಿ ನುಸುಳುತ್ತದೆ, ಮೈ ಜಾರುತ್ತದೆ, ತಲೆ ಮಾತ್ರ ಸಿಕ್ಕಿಕೊಳ್ಳುತ್ತದೆ. ನೆಲಕ್ಕೆ ಕಾಲು ತಾಗದೆ ಕುತ್ತಿಗೆಯ ಮೇಲೆ ತೂಗಿದರೆ ಕೆಲವೇ ನಿಮಿಷಗಳಲ್ಲಿ ಅನಾಹುತ. ಆದ್ದರಿಂದ ಸಂದು ಮೂರೂವರೆ ಇಂಚಿಗಿಂತ ಕಡಿಮೆ ಇರಬೇಕು, ಇಲ್ಲವೇ ಒಂಬತ್ತು ಇಂಚಿಗಿಂತ ಹೆಚ್ಚು ಇರಬೇಕು.

6. ಬೋಲ್ಟು, ಮೊಳೆ: ಹೊರಚಾಚಿದ ಬೋಲ್ಟಿಗೆ ಲಂಗದ ಲಾಡಿ, ವೇಲು, ಕುತ್ತಿಗೆಯ ಕರಿದಾರ, ತಾಯತ, ಶಾಲೆಯ ಗುರುತಿನ ಚೀಟಿಯ ಪಟ್ಟಿ ಸಿಕ್ಕಿಕೊಳ್ಳುತ್ತವೆ. ಮಗು ಜಾರುತ್ತಿರುವಾಗ ಇವು ಸಿಕ್ಕರೆ ನೇಣೇ ಆಗುತ್ತದೆ. ಆಡಲು ಕಳಿಸುವಾಗ ಇವನ್ನು ತೆಗೆದಿಡಿ. ತಾಯತ ಬೇಕೇ ಬೇಕೆಂದರೆ ತೋಳಿಗೆ ಕಟ್ಟಿ, ದೇವರು ಬೇಡ ಅನ್ನುವುದಿಲ್ಲ.

7. ನೆಲ: ಅಳತೆ ಗೀರಿದ ಕಡ್ಡಿಯನ್ನು ಮರಳಿಗೆ ಚುಚ್ಚಿ. ಒಂಬತ್ತು ಇಂಚು ಸಡಿಲ ಮರಳು ಇದ್ದರೆ ನಾಲ್ಕು ಅಡಿ ಎತ್ತರದಿಂದ ಬಿದ್ದ ಮಗುವಿನ ತಲೆಯನ್ನು ತಕ್ಕಮಟ್ಟಿಗೆ ಕಾಯುತ್ತದೆ. ಆಡುವ ಸಾಮಾನಿನ ಸುತ್ತ ಆರು ಅಡಿಯವರೆಗೆ ಈ ಮರಳು ಹರಡಿರಬೇಕು. ಮರಳು ಗಟ್ಟಿಯಾಗಿ ಕೂತಿದ್ದರೆ ಕೆದರಿ ಸಡಿಲ ಮಾಡಬೇಕು. ಒಡೆದ ಬಾಟಲಿ, ಬ್ಲೇಡು, ನಾಯಿಯ ಹೊಲಸು ಇದೆಯೇ ಎಂದೂ ನೋಡಿ.

8. ಸುತ್ತಮುತ್ತ: ತೆರೆದ ಗುಂಡಿ, ಮುಚ್ಚಳವಿಲ್ಲದ ಗಟಾರ, ನೀರಿನ ತೊಟ್ಟಿ, ಕೈಬಿಟ್ಟ ಕೊಳವೆ ಬಾವಿ ಇವು ಎಲ್ಲಕ್ಕಿಂತ ಮೊದಲು ಬರೆಯಬೇಕಾದವು. ಹುಲ್ಲು ಮೊಣಕಾಲು ಮುಟ್ಟುವಷ್ಟಿದ್ದರೆ ಹಾವು-ಚೇಳಿನ ಭಯ. ಕಾಂಗ್ರೆಸ್ ಕಸ ಬೆಳೆದಿದ್ದರೆ ಕೆಲವರಿಗೆ ತುರಿಕೆ, ಉಬ್ಬಸ. ಜಾಲಿಯ ಮುಳ್ಳಂತೂ ಹೇಳುವುದೇ ಬೇಡ.

9. ದೊಡ್ಡವರ ಕಸರತ್ತಿನ ಸಾಮಾನು: ಈಚೆಗೆ ಉದ್ಯಾನಗಳಲ್ಲಿ ‘ಓಪನ್ ಜಿಮ್’ ಬಂದಿದೆ. ಅದು ದೊಡ್ಡವರ ಅಳತೆಗೆ ಮಾಡಿದ್ದು. ತಿರುಗುವ ಕೀಲುಗಳ ನಡುವೆ ಮಕ್ಕಳ ಬೆರಳು ಜಜ್ಜುತ್ತದೆ. ಸಣ್ಣವರನ್ನು ಅದರಿಂದ ದೂರ ಇಡಿ.

ಯಾರಿಗೆ ಹೇಳಬೇಕು?

“ನಮ್ಮ ಮಾತು ಯಾರು ಕೇಳ್ತಾರ್ರೀ ಅಕ್ಕಾರ? ನಾವು ಹೆಣ್ಮಕ್ಕಳು, ಆಫೀಸಿನ ಮೆಟ್ಟಿಲಾ ಹತ್ತಿದವರಲ್ಲ” ಎಂದು ನಮ್ಮ ಓಣಿಯಲ್ಲಿ ಒಬ್ಬಾಕೆ ಅಂದಳು. ಇದು ಕೇಳಿಕೊಳ್ಳುವ ಭಿಕ್ಷೆಯಲ್ಲ, ನಮ್ಮ ಹಕ್ಕು ಎಂಬುದನ್ನು ಮೊದಲು ತಿಳಿಯೋಣ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಊರಿನ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯನ್ನು ಅದು ಹನ್ನೆರಡನೆಯ ಅನುಸೂಚಿಯಲ್ಲಿ ಕೊಟ್ಟಿದೆ. ಅದರಲ್ಲಿ ಉದ್ಯಾನ, ತೋಟ, ಆಟದ ಮೈದಾನಗಳ ಹೆಸರು ಸ್ಪಷ್ಟವಾಗಿದೆ. ಉದ್ಯಾನ, ಆಟದ ಬಯಲು, ತೆರೆದ ಜಾಗಗಳನ್ನು ಕಾಪಾಡಲೆಂದೇ ಕರ್ನಾಟಕದಲ್ಲಿ 1985ರ ಕಾಯಿದೆಯೊಂದು ಇದೆ.

ಜಾಗ ಯಾರದೆಂಬುದರ ಮೇಲೆ ಅರ್ಜಿ ಯಾರಿಗೆಂಬುದು ನಿಂತಿದೆ:

ಪುರಸಭೆಯ ಉದ್ಯಾನವಾದರೆ ಪುರಸಭೆಯ ಮುಖ್ಯಾಧಿಕಾರಿಗಳಿಗೆ ಬರೆಯಿರಿ. ಒಂದು ಪ್ರತಿ ವಾರ್ಡಿನ ಸದಸ್ಯರಿಗೂ ಕೊಡಿ.
ಸರಕಾರಿ ಶಾಲೆಯ ಅಂಗಳವಾದರೆ ಮುಖ್ಯೋಪಾಧ್ಯಾಯರಿಗೆ ಮತ್ತು ಶಾಲಾಭಿವೃದ್ಧಿ ಸಮಿತಿಗೆ ಅಂದರೆ ಎಸ್‌ಡಿಎಂಸಿಗೆ. ಅದರಲ್ಲಿ ಪಾಲಕರೇ ಸದಸ್ಯರು; ಬಹುಶಃ ನಿಮ್ಮ ಓಣಿಯವರೇ ಇದ್ದಾರು.
ಅಂಗನವಾಡಿಯಾದರೆ ಕಾರ್ಯಕರ್ತೆಯ ಮೂಲಕ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ.
ಹಳ್ಳಿಯಾದರೆ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ, ಅಂದರೆ ಪಿಡಿಒಗೆ.
ವಿದ್ಯುತ್ ತಂತಿಯ ಅಪಾಯವಾದರೆ ಕಾಯಬೇಡಿ. 1912ಕ್ಕೆ ಫೋನು ಮಾಡಿದರೆ ಜೆಸ್ಕಾಂಗೆ ದೂರು ಸೇರುತ್ತದೆ.

ನಾವು ಮೊದಲು ಮಾಡಿದ ತಪ್ಪು ಏನೆಂದರೆ, ಬಾಯಿಮಾತಲ್ಲಿ ಹೇಳಿ ಬಂದದ್ದು. ಎರಡು ಸಲ ಹೋದೆವು. “ನೋಡೋಣ್ರಿ” ಎಂದರು. ಮೂರನೆಯ ಸಲ ಅಲ್ಲಿಯ ವಯಸ್ಸಾದ ಗುಮಾಸ್ತರೊಬ್ಬರು ನಮ್ಮ ಮೇಲೆ ಕನಿಕರದಿಂದ, “ಅಕ್ಕಾರ, ಬಾಯಿಲೆ ಹೇಳಿದ್ದು ಗಾಳ್ಯಾಗ ಹೋಗ್ತದ್ರಿ. ಬರ್ದು ಕೊಡ್ರಿ, ಆವಕದಾಗ ನಂಬರ್ ಹಾಕಿಸ್ಕೊಂಡು ಹೋಗ್ರಿ. ಆಮ್ಯಾಲ ಯಾರೂ ಇಲ್ಲ ಅನ್ನಾಂಗಿಲ್ಲ” ಎಂದರು. ಆ ಪುಣ್ಯಾತ್ಮರ ಮಾತು ಬಂಗಾರದಂಥದ್ದು.

ಅರ್ಜಿಯ ಮಾದರಿ

ಉದ್ದ ಬೇಡ, ಬೈಗುಳ ಬೇಡ. ಎಲ್ಲಿ, ಏನು, ಎಷ್ಟು, ಏನು ಮಾಡಬೇಕು ಎಂಬುದಿಷ್ಟೇ ಸಾಕು.

“ಮಾನ್ಯ ಮುಖ್ಯಾಧಿಕಾರಿಗಳು, ಪುರಸಭೆ ಕಾರ್ಯಾಲಯ, ... ಇವರಿಗೆ.
ವಿಷಯ: ವಾರ್ಡ್ ನಂ. ... ರ ಉದ್ಯಾನದಲ್ಲಿ ಮಕ್ಕಳಿಗೆ ಅಪಾಯವಾಗುವ ಆಟದ ಸಾಮಾನುಗಳ ದುರಸ್ತಿ ಬಗ್ಗೆ.
ಮಾನ್ಯರೇ, ನಾವು ಈ ವಾರ್ಡಿನ ನಿವಾಸಿಗಳು ದಿನಾಂಕ ... ರಂದು ಉದ್ಯಾನವನ್ನು ನೋಡಿದಾಗ ಕಂಡದ್ದು: 1) ಜಾರಬಂಡಿಯ ತಗಡು ಕೆಳತುದಿಯಲ್ಲಿ ಸುಮಾರು ಎಂಟು ಇಂಚು ಸೀಳಿದೆ. 2) ಎಡಗಡೆಯ ಜೋಕಾಲಿಯ ಕೊಂಡಿ ಸವೆದು ಬಾಯಿ ತೆರೆದಿದೆ. 3) ಜೋಕಾಲಿಯ ಕೆಳಗೆ ಮರಳಿಲ್ಲ, ಫರ್ಸಿ ಕಲ್ಲು ಇದೆ. ಫೋಟೋ ಲಗತ್ತಿಸಿದೆ. ದುರಸ್ತಿ ಆಗುವವರೆಗೆ 1 ಮತ್ತು 2ನ್ನು ಮಕ್ಕಳು ಬಳಸದಂತೆ ಕೂಡಲೇ ಮುಚ್ಚಿಸಬೇಕೆಂದೂ, ದುರಸ್ತಿ ಯಾವಾಗ ಆಗುವುದೆಂದು ಬರವಣಿಗೆಯಲ್ಲಿ ತಿಳಿಸಬೇಕೆಂದೂ ಕೋರುತ್ತೇವೆ.”

ಕೆಳಗೆ ಸಹಿ, ಮನೆ ನಂಬರು, ತಾರೀಖು. ಸಹಿ ಬಾರದವರು ಹೆಬ್ಬೆಟ್ಟು ಒತ್ತಲಿ, ನಾಚಿಕೆ ಏಕೆ? ಮಗು ಎಲ್ಲರದೂ ಒಂದೇ. ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಆವಕ ವಿಭಾಗದ ಮೊಹರು, ನಂಬರು, ತಾರೀಖು ಹಾಕಿಸಿಕೊಂಡು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿ. “ಕೂಡಲೇ ಮುಚ್ಚಿಸಬೇಕು” ಎಂಬ ಮಾತು ಮರೆಯಬೇಡಿ. ದುರಸ್ತಿಗೆ ಹಣ ಬೇಕು, ಟೆಂಡರು ಬೇಕು. ಮುರಿದ ಜೋಕಾಲಿಯನ್ನು ಕಟ್ಟಿ ಹಾಕಲು ಒಂದು ಹಗ್ಗ ಸಾಕು.

ಉತ್ತರ ಬಾರದಿದ್ದರೆ

ಹದಿನೈದು ದಿನ ಕಾದು ನೆನಪೋಲೆ ಬರೆಯಿರಿ. ಹಳೆಯ ಅರ್ಜಿಯ ಆವಕ ನಂಬರನ್ನು ಮೇಲೆಯೇ ಕಾಣಿಸಿ. ಆಗಲೂ ಸುದ್ದಿಯಿಲ್ಲದಿದ್ದರೆ ಕಲಬುರಗಿಯ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿರುವ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ ಪ್ರತಿಯ ಸಮೇತ ಬರೆಯಬಹುದು. ರಾಜ್ಯ ಸರಕಾರದ ‘ಜನಸ್ಪಂದನ’ ಸಹಾಯವಾಣಿ 1902ಕ್ಕೆ ಮನೆಯಿಂದಲೇ ದೂರು ಕೊಡಬಹುದು. ಅವರು ಹೇಳುವ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಇನ್ನೊಂದು ದಾರಿ 2005ರ ಮಾಹಿತಿ ಹಕ್ಕು ಕಾಯಿದೆ. 10 ರೂಪಾಯಿ ಶುಲ್ಕ. ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ, 150 ಪದ ಮೀರದಂತೆ ಇರಬೇಕು. ಈ ಆಟದ ಸಾಮಾನು ಯಾವಾಗ ಹಾಕಿದ್ದು, ಗುತ್ತಿಗೆದಾರರು ಎಷ್ಟು ವರ್ಷ ನಿರ್ವಹಣೆ ಮಾಡಬೇಕೆಂದು ಕರಾರು ಇದೆ, ಕಡೆಯ ಸಲ ಪರೀಕ್ಷಿಸಿದ್ದು ಯಾವಾಗ ಎಂದು ಮೂರೇ ಪ್ರಶ್ನೆ ಕೇಳಿ. ಎಷ್ಟೋ ಸಲ ಪ್ರಶ್ನೆ ಕೇಳಿದ ಮೇಲೆಯೇ ಕಡತ ಎಚ್ಚರಗೊಳ್ಳುತ್ತದೆ.

ಅಷ್ಟರಲ್ಲಿ ಏಟಾದರೆ

ಗಾಯವಾಗಿ ರಕ್ತ ಬಂದರೆ ಶುದ್ಧ ಬಟ್ಟೆಯನ್ನು ಒತ್ತಿ ಹಿಡಿದು, ಕೈ ಅಥವಾ ಕಾಲನ್ನು ಎತ್ತರಕ್ಕಿಡಿ. ಅರಿಸಿನ, ಕಾಫಿಪುಡಿ ತುಂಬಬೇಡಿ. ವೈದ್ಯರು ತೊಳೆಯುವುದು ಕಷ್ಟವಾಗುತ್ತದೆ. ಧನುರ್ವಾಯುವಿನ ರೋಗಾಣು ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ, ಕಬ್ಬಿಣವೇ ಬೇಕೆಂದಿಲ್ಲ. ಮಗುವಿನ ಲಸಿಕೆ ಕಾರ್ಡು ಜೊತೆಗೆ ಒಯ್ಯಿರಿ. 5-6 ವರ್ಷದ ಬೂಸ್ಟರು, 10 ಮತ್ತು 16ನೇ ವರ್ಷದ ಚುಚ್ಚುಮದ್ದು ತಪ್ಪಿಸಬೇಡಿ.

ಬಿಸಿ ತಗಡಿನಿಂದ ಸುಟ್ಟರೆ 20 ನಿಮಿಷ ತಣ್ಣೀರು ಹರಿಯಬಿಡಿ. ಮಂಜುಗಡ್ಡೆ, ಟೂತ್‌ಪೇಸ್ಟು, ಮಸಿ ಬೇಡ.

ತಲೆಗೆ ಪೆಟ್ಟು ಬಿದ್ದ ಮಗು ಎಚ್ಚರ ತಪ್ಪಿದರೆ, ಮತ್ತೆ ಮತ್ತೆ ವಾಂತಿ ಮಾಡಿದರೆ, ಎಬ್ಬಿಸಿದರೂ ಏಳದಷ್ಟು ಮಂಪರಾದರೆ, ಕಿವಿ-ಮೂಗಿನಿಂದ ರಕ್ತವೋ ನೀರೋ ಬಂದರೆ ಒಂದು ಗಳಿಗೆ ತಡಮಾಡದೆ 108ಕ್ಕೆ ಫೋನು ಮಾಡಿ. ಕೈಕಾಲು ಸೊಟ್ಟಗಾದರೆ ನೀವಬೇಡಿ, ಎಳೆಯಬೇಡಿ. ಮಡಚಿದ ದಪ್ಪ ಪತ್ರಿಕೆಯ ಆಸರೆ ಕೊಟ್ಟು, ಸೀರೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ ಕರೆದೊಯ್ಯಿರಿ.

ನಮ್ಮ ಅರ್ಜಿ ಏನಾಯಿತು?

ಕೇಳುವಿರಿ ತಾನೇ? ಮೊಹರು ಹಾಕಿಸಿಕೊಂಡು ಬಂದ ನಾಲ್ಕನೆಯ ದಿನ ಒಬ್ಬ ಕೆಲಸಗಾರ ಬಂದು ಜಾರಬಂಡಿಯ ಬಾಯಿಗೆ ತಂತಿ ಬಿಗಿದು ಹೋದ. ನೆನಪೋಲೆ ಕೊಟ್ಟ ಮೇಲೆ, ಎರಡನೆಯ ತಿಂಗಳಲ್ಲಿ, ಹೊಸ ತಗಡು ಬೆಸುಗೆಯಾಯಿತು. ಎರಡು ಜೋಕಾಲಿಗಳ ಕೊಂಡಿ ಬದಲಾಯಿತು. ಮರಳು ಮಾತ್ರ ಇನ್ನೂ ಬಂದಿಲ್ಲ. ಫರ್ಸಿ ಹಾಗೆಯೇ ಇದೆ. ಅದಕ್ಕೆ ಮೂರನೆಯ ಅರ್ಜಿ ಕೊಟ್ಟಿದ್ದೇವೆ, ನಂಬರು ನಮ್ಮ ಹತ್ತಿರವಿದೆ. ಈಗ ತಿಂಗಳ ಮೊದಲ ಶನಿವಾರ ನಮ್ಮಲ್ಲಿ ಇಬ್ಬರು ಸರದಿಯ ಮೇಲೆ ಹೋಗಿ ನೋಡಿ ಬರುತ್ತೇವೆ. ನಿಮ್ಮ ಊರಲ್ಲಿ ಮಹಿಳಾ ಮಂಡಳವೋ ಸ್ತ್ರೀಶಕ್ತಿ ಸಂಘವೋ ಇದ್ದರೆ ಹಣದ ಲೆಕ್ಕ ಮುಗಿದ ಮೇಲೆ ಇದಕ್ಕೂ ಹತ್ತು ನಿಮಿಷ ಇಡಿ.

ಎದುರು ಮನೆಯ ಹುಡುಗನ ಅಂಗೈ ವಾಸಿಯಾಗಿದೆ. ಗೆರೆ ಮಾತ್ರ ಉಳಿದಿದೆ. ಹೊಸ ತಗಡು ಹಾಕಿದ ದಿನ ಅವನು ಜಾರಬಂಡಿಯ ಮುಂದೆ ಬಹಳ ಹೊತ್ತು ನಿಂತಿದ್ದ. “ಏರಪ್ಪಾ, ಈಗ ಛಲೋ ಆಗ್ಯದ” ಎಂದರೂ ಕಾಲೆತ್ತಲಿಲ್ಲ. ಕಡೆಗೆ ನನ್ನತ್ತ ತಿರುಗಿ, “ಆಯಿ, ನೀ ಮುಟ್ಟಿ ನೋಡೀಯೇನು?” ಎಂದು ಕೇಳಿದ.

“ಮುಟ್ಟಿ ನೋಡೀನಪಾ. ಏರು” ಎಂದೆ. ಏರಿದ.